ಹುಣಸೆಹುಳಿಯಲ್ಲಿ ತೊಳೆದ ಪವನು

ನೀರು ತುಂಬುವ ಹಬ್ಬದ ದಿನ ನಮ್ಮ ಊರ ಕಡೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕುತ್ತಾರೆ. ಹಂಡೆ ಹೊಳೆಯಬೇಕು, ಅದಕ್ಕೆ ಬಳ್ಳಿ ಸುತ್ತಬೇಕು, ಸಂಜೆ ನೀರು ತುಂಬಿಸಿಟ್ಟು ಮರುದಿನ ಬೆಳಿಗ್ಗೆ ದೀಪಾವಳಿಯ ಎಣ್ಣೆಸ್ನಾನ. ಚೆನ್ನೈಯ ಪುರಸೈವಾಕ್ಕಂನಲ್ಲಿ ಬಾಡಿಗೆ ಮನೆಯಲ್ಲಿರುವ ನನಗೆ ಹಂಡೆ ಎಲ್ಲಿಂದ ಬರಬೇಕು? ಗೋಡೆಯಲ್ಲಿ ಗೀಸರ್ ಉಂಟು, ಅದನ್ನು ತಿಕ್ಕಲಿಕ್ಕೆ ಹೋದರೆ ಕರೆಂಟು ಹೊಡೆದು ಹಬ್ಬದ ದಿನ ನನ್ನನ್ನೇ ಎತ್ತಿಕೊಂಡು ಹೋಗಬೇಕಾದೀತು. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದಾಗಿಂದ ನನ್ನದೇ ಒಂದು ಕ್ರಮ ಮಾಡಿಕೊಂಡಿದ್ದೇನೆ. ಹಿತ್ತಾಳೆಯ ದೀಪ, ತಾಮ್ರದ ಚೊಂಬು, ಅವುಗಳ ಜೊತೆ ನಮ್ಮ ಪವನುಗಳು. ಎಲ್ಲಕ್ಕೂ ಒಂದೇ ಹುಳಿ, ಪಾತ್ರೆ ತೊಳೆಯುವ ಒಂದೇ ಪುಡಿ, ತೆಂಗಿನ ಒಂದೇ ನಾರು. ಚಿನ್ನ ಅಂತ ಬೇರೆ ಮರ್ಯಾದೆ ಎಂತದ್ದು? ಲಕ್ಷ್ಮಿಯ ಮುಂದೆ ಇಡುವ ವಸ್ತುವಿನಲ್ಲಿ ಕೊಳೆ ಇರಬಾರದು, ಅಷ್ಟೆ.

ಪವನು ಅಂದರೆ ಹಳೇ ಚಿನ್ನದ ನಾಣ್ಯ. ಇಲ್ಲಿನವರು ಸವರನ್ ಅಂತಾರೆ. ಒಂದು ಕಡೆ ಗಡ್ಡದ ರಾಜ, ಇನ್ನೊಂದು ಕಡೆ ಕುದುರೆ. ನಮ್ಮ ಇವರು, ಬಾಬು, ರಾಮದಾಸ ರಾಯರ ಹೋಟೆಲಿನ ದೋಸೆ ಮಾಸ್ಟರು. ದೀಪಾವಳಿಗೆ ರಾಯರು ಕೊಡುವ ಬೋನಸ್ಸನ್ನು ನಾನು ಇವರ ಕೈಯಲ್ಲಿ ಒಂದು ಗಂಟೆ ಹೊತ್ತೂ ಇರಗೊಡುತ್ತಿರಲಿಲ್ಲ. ಸೀದಾ ಚಿನ್ನದಂಗಡಿಗೆ ಕರಕೊಂಡು ಹೋಗುತ್ತಿದ್ದೆ. ಒಳ್ಳೆ ವರ್ಷ ಒಂದು ಪವನು, ಕೆಟ್ಟ ವರ್ಷ ಅರ್ಧ ಪವನು, ಮಗಳು ವೀಕ್ಷಾಳ ಕಾಲೇಜಿನ ವರ್ಷಗಳಲ್ಲಿ ಏನೂ ಇಲ್ಲ. ಬಳೆಯೋ ಸರವೋ ಮಾಡಿಸಬಹುದಿತ್ತಲ್ಲ ಅಂತ ಕೇಳುವವರಿದ್ದರು. ಬಳೆ ಮಾಡಿಸಿದರೆ ಮಜೂರಿ ಅಂತ ಒಂದಿಷ್ಟು ಹೋಯ್ತು. ಮತ್ತೆ ಯಾರದ್ದೋ ಮಗಳ ಮದುವೆಗೆ ಒಂದು ದಿನದ ಮಟ್ಟಿಗೆ ಕೊಡಿ ಅಂತ ಬರುತ್ತಾರೆ, ಕೊಡದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ನಾಣ್ಯವನ್ನು ಕೊರಳಿಗೆ ಹಾಕಿಕೊಳ್ಳಲಿಕ್ಕೆ ಕೇಳುವವರಿಲ್ಲ. ಹೋಟೆಲಿನ ಒಲೆ ಮುಂದೆ ನಿಂತವರಿಗೆ ಪಿಂಚಣಿ ಕೊಡುವವರೂ ಇಲ್ಲ. ನಮ್ಮ ಪಿಂಚಣಿ ಆ ಗಡ್ಡದ ರಾಜನೇ.

ಆ ಪಿಂಚಣಿ ಈ ವರ್ಷ ಬೇಕಾಗಿ ಬಂತು. ಇವರ ಎರಡೂ ಕಾಲಿನ ನರ ಹಗ್ಗದ ಹಾಗೆ ಉಬ್ಬಿ, ಪಾದದ ಹತ್ತಿರ ಚರ್ಮ ಕಪ್ಪಾಗಿ ಹುಣ್ಣಾಗಲಿಕ್ಕೆ ಶುರುವಾಗಿತ್ತು. ಡಾಕ್ಟರು ನೋಡಿ, ನಿಂತು ಮಾಡುವ ಕೆಲಸ ಬಿಡಬೇಕು, ಇಲ್ಲದಿದ್ದರೆ ಈ ಹುಣ್ಣು ವಾಸಿಯಾಗುವುದಿಲ್ಲ ಅಂದುಬಿಟ್ಟರು. ದೋಸೆಯನ್ನು ಕೂತು ಹುಯ್ಯಲಿಕ್ಕಾಗುತ್ತದಾ ಮಾರಾಯ್ರೆ? ರಾಮದಾಸ ರಾಯರು ಒಳ್ಳೆಯವರು. ತಿಂಗಳ ಕೊನೆಯೊಳಗೆ ಒಂದು ಮಾತು ಹೇಳು ಬಾಬು, ಬಿಡುವುದಾದರೆ ಊರಿಂದ ಬೇರೆ ಮಾಸ್ಟರನ್ನು ಕರೆಸಬೇಕು, ನಿನಗೆ ಕೊಡಬೇಕಾದ್ದನ್ನು ಒಟ್ಟಿಗೆ ಕೊಟ್ಟು ಕಳಿಸುತ್ತೇನೆ ಅಂದಿದ್ದರು. ಪವನು ಇದ್ದಾವೆ, ರಾಯರು ಕೊಡುವುದರಲ್ಲಿ ಇನ್ನೊಂದಿಷ್ಟು ಚಿನ್ನ ತೆಗೆದಿಟ್ಟರೆ ಇಬ್ಬರ ಊಟಕ್ಕೆ ಅಡ್ಡಿಯಿಲ್ಲ ಅಂತ ನನ್ನ ಲೆಕ್ಕ. ಹಬ್ಬ ಮುಗಿದ ಮೇಲೆ ಬಿಡುವುದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು.

ಅಷ್ಟರಲ್ಲಿ ಮಳೆ ಬಂತು, ಮಳೆಯ ಹಿಂದೆ ರೂಪೇಶ್ ಬಂದ. ರೂಪೇಶ್ ಇವರ ತಂಗಿಯ ಮಗ, ವೇಲಚೇರಿಯಲ್ಲಿ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಅವನ ಫ್ಲ್ಯಾಟಿನ ಕೆಳಗೆ ಮೊಣಕಾಲುದ್ದ ನೀರು ನಿಂತು, ಲಿಫ್ಟು ಬಂದಾಗಿ, ಕರೆಂಟು ಹೋಗಿ, ಹೆಂಡತಿ ತವರಿಗೆ ಹೋದವಳು ಅಲ್ಲೇ ಉಳಿದು, ಇವನು ಒಂದು ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಒಳ್ಳೆ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋನಿನಲ್ಲಿ ಓದಿದ್ದನ್ನೆಲ್ಲ ಊಟಕ್ಕೆ ಕೂತವರಿಗೆ ಬಡಿಸುವ ಅಭ್ಯಾಸ ಉಂಟು.

ಬಂದ ದಿನವೇ ಬ್ಯಾಗಿನಿಂದ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೆಗೆದು ಇವರ ಕೈಗೆ ಕೊಟ್ಟ. ಒಳಗೆ ಒಂದು ಚಿನ್ನದ ನಾಣ್ಯ, ಮೇಲೆ ಒಂದು ಚೀಟಿ. ಇದಕ್ಕೆ ಗ್ರೇಡಿಂಗ್ ಅಂತಾರೆ ಮಾವ, ಅಂತ ಶುರು ಮಾಡಿದ. ಒಂದು ಕಂಪನಿಯವರು ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿ, ಗೀರು ಉಂಟಾ, ಹೊಳಪು ಹೇಗುಂಟು ಅಂತ ಪರೀಕ್ಷೆ ಮಾಡಿ ಎಪ್ಪತ್ತಕ್ಕೆ ಇಷ್ಟು ಅಂತ ಮಾರ್ಕು ಕೊಡುತ್ತಾರಂತೆ, ಆಮೇಲೆ ಯಾರೂ ಮುಟ್ಟದ ಹಾಗೆ ಡಬ್ಬಿಯಲ್ಲಿ ಹಾಕಿ ಅಂಟಿಸುತ್ತಾರಂತೆ. ಇವನದ್ದಕ್ಕೆ ಎಪ್ಪತ್ತಕ್ಕೆ ಎಪ್ಪತ್ತು. ಅದಕ್ಕಾಗಿ ಚಿನ್ನದ ಬೆಲೆಗಿಂತ ಜಾಸ್ತಿ ಕೊಟ್ಟಿದ್ದಾನೆ. ವಯಸ್ಸಾದ ಮೇಲೆ ಬೇಕಾಗುವ ದುಡ್ಡನ್ನು ಹೀಗೆ ಇಡಬೇಕು ಮಾವ, ರಾಯರು ಕೊಡುವುದನ್ನೆಲ್ಲ ಇಂಥದ್ದಕ್ಕೇ ಹಾಕಿ ಅಂತ ಬುದ್ಧಿ ಹೇಳಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮ ಇವರಿಗೆ ಮಾರ್ಕು ಅಂದರೆ ಭಾರೀ ಭಯಭಕ್ತಿ. ಡಬ್ಬಿಯನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು. ನನಗೆ ಮೈ ಉರಿದುಹೋಯ್ತು. ಚಿನ್ನಕ್ಕೆ ಪರೀಕ್ಷೆ ಕಟ್ಟಿಸುವವರ ಮಂಡೆ ಸಮ ಉಂಟಾ ಅಂತ ಕೇಳಿ ಒಳಗೆ ಹೋದೆ.

ಮರುದಿನ ನೀರು ತುಂಬುವ ಹಬ್ಬ. ನಾನು ಸಿಂಕಿನ ಹತ್ತಿರ ನಿಂತು ಪವನುಗಳನ್ನು ಹುಳಿ ಹಾಕಿ ತಿಕ್ಕುತ್ತಿದ್ದೆ. ಕಾಫಿ ಲೋಟ ಇಡಲಿಕ್ಕೆ ಬಂದ ರೂಪೇಶ್ ಲೋಟ ಹಿಡಿದುಕೊಂಡೇ ನಿಂತುಬಿಟ್ಟ. ಅತ್ತೆ, ಇದನ್ನು ಪ್ರತೀ ವರ್ಷ ಹೀಗೇ ಮಾಡುತ್ತೀರಾ ಅಂತ ಕೇಳಿದ. ಹೌದು, ಹೊಸದಾಗಿ ಎಂತ ಉಂಟು ಅಂದೆ. ಅವನು ಒಂದೊಂದನ್ನೇ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ರಾಜನ ಗಡ್ಡ ಸವೆದು ಕೆನ್ನೆಗೆ ಅಂಟಿತ್ತು, ಕೆಲವದರಲ್ಲಿ ಮೂಗೂ ಮೊಂಡಾಗಿತ್ತು. ಒಂದು ನಾಣ್ಯದಲ್ಲಿ ಮಾತ್ರ ಗಡ್ಡದ ಕೂದಲು ಕೂದಲೂ ಕಾಣುತ್ತಿತ್ತು. ಇದೊಂದಕ್ಕೆ ಗ್ರೇಡ್ ಸಿಗಬಹುದೋ ಏನೋ ಅಂತ ಅದನ್ನು ಬೇರೆ ಇಟ್ಟು, ಫೋನು ತೆಗೆದು ಓದಲಿಕ್ಕೆ ಶುರು ಮಾಡಿದ. ತಿಕ್ಕಿ ತೊಳೆದ ನಾಣ್ಯಕ್ಕೆ ನಂಬರು ಕೊಡುವುದೇ ಇಲ್ಲವಂತೆ. ಹಾಗೇ ಬಿಟ್ಟಿದ್ದರೆ ಇವು ಚಿನ್ನದ ಬೆಲೆಯ ಎರಡು ಪಟ್ಟೋ ಮೂರು ಪಟ್ಟೋ ಬಾಳುತ್ತಿದ್ದವೋ ಏನೋ.

"ತೊಳೆದದ್ದರಿಂದ ವ್ಯಾಲ್ಯೂ ಹೋಯ್ತು ಅತ್ತೆ" ಅಂದ. ಹೇಳುವಾಗ ಅವನಿಗೇ ಬೇಜಾರಾಗಿತ್ತು.

ನಾನು ಬಾಯಿ ಬಿಡುವ ಮೊದಲು ಬಾಗಿಲಲ್ಲಿ ಇವರು ನಿಂತಿದ್ದು ಕಾಣಿಸಿತು. ಎಲ್ಲ ಕೇಳಿಸಿಕೊಂಡಿದ್ದರು. ಬೈಯುತ್ತಾರೆ ಅಂತ ಎಣಿಸಿದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಇವರು ಮೆಲ್ಲ ಬಂದು ಸಿಂಕಿನ ನಲ್ಲಿ ನಿಲ್ಲಿಸಿದರು.

"ಆಯ್ತು ಬಿಡು ಜಲಜ. ಇನ್ನೆರಡು ವರ್ಷ ನಿಲ್ತೇನೆ ಅಂತ ರಾಯರಿಗೆ ಹೇಳ್ತೇನೆ."

ಅಷ್ಟು ಹೇಳಿ ಕುರ್ಚಿಯಲ್ಲಿ ಕೂತು, ಪ್ಯಾಂಟಿನ ಕಾಲು ಮೇಲೆ ಮಡಚಿ, ಪಾದದ ಹುಣ್ಣಿಗೆ ಮುಲಾಮು ಹಚ್ಚಿಕೊಳ್ಳಲಿಕ್ಕೆ ಶುರು ಮಾಡಿದರು.

ನನಗೆ ಬಂದ ಸಿಟ್ಟು ಎಷ್ಟು ಅಂತ ಹೇಳಲಿಕ್ಕಾಗುವುದಿಲ್ಲ. ಚಿನ್ನ ಚಿನ್ನವೇ, ರಾಜನಿಗೆ ಮೂಗಿದ್ದರೆಷ್ಟು ಬಿಟ್ಟರೆಷ್ಟು, ನಾನೇನು ಅವನಿಗೆ ಹೆಣ್ಣು ನೋಡಲಿಕ್ಕುಂಟಾ ಅಂತ ಇಬ್ಬರಿಗೂ ಕೇಳುವ ಹಾಗೆ ಬೊಬ್ಬೆ ಹಾಕಿದೆ. ಬೊಬ್ಬೆ ಹಾಕಿದ್ದು ಹೌದು, ಒಳಗೆ ಮಾತ್ರ ಹೆದರಿಕೆ ಹೊಕ್ಕಿತ್ತು. ಗ್ರೇಡು ಗೀಡು ಹೋಗಲಿ. ಮೂಗು ಸವೆದಿದೆ ಅಂದರೆ ಸವೆದ ಚಿನ್ನ ಎಲ್ಲಿಗೆ ಹೋಯ್ತು? ಹುಳಿ ನೀರಿನ ಜೊತೆ ಪುರಸೈವಾಕ್ಕಂನ ಚರಂಡಿಗೇ ಅಲ್ಲವಾ? ಇವರು ಕಾಲು ಸವೆಸಿ ತಂದದ್ದನ್ನು ನಾನು ವರ್ಷ ವರ್ಷವೂ ತಿಕ್ಕಿ ತಿಕ್ಕಿ ನೀರಿಗೆ ಬಿಟ್ಟೆನಾ? ಹಬ್ಬದ ಎರಡು ದಿನ ಎಂತ ತಿಂದೆನೋ, ಯಾರ ಹತ್ತಿರ ಎಂತ ಮಾತಾಡಿದೆನೋ ದೇವರಿಗೇ ಗೊತ್ತು. ಒಟ್ಟಿನಲ್ಲಿ ಮಂಡೆಬಿಸಿ.

ರೂಪೇಶನಿಗೂ ಸಮಾಧಾನ ಇರಲಿಲ್ಲ. ಹಬ್ಬ ಮುಗಿದದ್ದೇ, ಅಣ್ಣಾ ನಗರ್‌ನಲ್ಲಿ ಬದರಿನಾಥ ಅಂತ ಒಬ್ಬರಿದ್ದಾರೆ, ಆಫೀಸಿನ ಸ್ನೇಹಿತನ ಅಪ್ಪ, ನಾಣ್ಯದ ವಿಷಯದಲ್ಲಿ ಅವರಿಗೆ ತಿಳಿಯದ್ದಿಲ್ಲ, ಒಂದು ಸಲ ತೋರಿಸಿಕೊಂಡು ಬರೋಣ ಅಂದ. ಎಂತದಕ್ಕೆ, ಇನ್ನೊಬ್ಬರ ಬಾಯಲ್ಲೂ ಅದನ್ನೇ ಕೇಳಲಿಕ್ಕಾ ಅಂದರು ಇವರು. ನಾನು ಬಿಡಲಿಲ್ಲ. ತಿಂಗಳು ಮುಗಿಯಲಿಕ್ಕೆ ಬಂದಿತ್ತು, ಇವರು ರಾಯರ ಹತ್ತಿರ ಹೋಗಿ ನಿಲ್ಲುತ್ತೇನೆ ಅಂತ ಹೇಳಿಬಿಟ್ಟರೆ ಮತ್ತೆ ಆ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ. ಪವನುಗಳನ್ನು ಕರ್ಚೀಫಿನಲ್ಲಿ ಕಟ್ಟಿ, ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿಟ್ಟು, ಮೇಲಿನದ್ದರಲ್ಲಿ ನಾಲ್ಕು ಇಡ್ಲಿ ಹಾಕಿಕೊಂಡು ಆಟೋ ಹತ್ತಿದೆ. ದಾರಿಯಲ್ಲಿ ಯಾರಾದರೂ ಕಿತ್ತುಕೊಂಡರೆ ಮೊದಲು ಇಡ್ಲಿ ಸಿಗಲಿ ಅಂತ.

ಬದರಿನಾಥರು ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮನೆತನದವರು. ಸರಕಾರಿ ಕೆಲಸದಿಂದ ನಿವೃತ್ತಿಯಾಗಿ ಈಗ ಮನೆತುಂಬ ನಾಣ್ಯದ ಆಲ್ಬಮ್ ಇಟ್ಟುಕೊಂಡಿದ್ದಾರೆ. ಅವರ ಕನ್ನಡದಲ್ಲಿ ಅರ್ಧ ತಮಿಳು. ಕ್ಯಾರಿಯರ್ ಬಿಚ್ಚಿ, ಇಡ್ಲಿ ಪಕ್ಕಕ್ಕಿಟ್ಟು, ಗಂಟು ತೆಗೆದದ್ದನ್ನು ನೋಡಿ ನಗಲಿಲ್ಲ, ಅದು ದೊಡ್ಡತನ. ಕಣ್ಣಿಗೆ ಒಂದು ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲ ನಾಣ್ಯ ನೋಡಿದರು, ಎರಡನೆಯದು ನೋಡಿದರು, ಆಮೇಲೆ ಕನ್ನಡಿ ತೆಗೆದು ಕೆಳಗಿಟ್ಟರು. ಇದಕ್ಕೆ ಈ ಗತಿ ಯಾರು ಮಾಡಿದ್ದಮ್ಮಾ ಅಂತ ಕೇಳಿದರು. ನಾನೇ, ಹುಣಸೆಹುಳಿ ಹಾಕಿ, ತೆಂಗಿನ ನಾರಲ್ಲಿ, ವರ್ಷಕ್ಕೊಂದು ಸಲ ಅಂದೆ. ಅವರು ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರು.

ನಾಣ್ಯ ಕೂಡಿಸುವವನಾಗಿ ಹೇಳುವುದಾದರೆ ಇವು ಮುಗಿದ ಕಥೆ, ನನ್ನ ಆಲ್ಬಮ್ಮಿನಲ್ಲಿ ಸೇರಿಸೋದಿಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ಇವರು ತಲೆ ತಗ್ಗಿಸಿ ಕರ್ಚೀಫನ್ನು ಮಡಚಲಿಕ್ಕೆ ಕೈ ಹಾಕಿದರು. ಆಗ ಬದರಿನಾಥರು ನನ್ನ ಕಡೆ ತಿರುಗಿದರು.

"ಒಂದು ಕೇಳ್ತೀನಿ, ತಪ್ಪಾ ತಗೋಬೇಡಿ. ಇದನ್ನ ಯಾತಕ್ಕೆ ವಾಂಗಿದ್ದು, ತಗೊಂಡಿದ್ದು ನೀವು? ಆಲ್ಬಮ್‌ನಲ್ಲಿ ಇಟ್ಟು ನೋಡಕ್ಕಾ, ಇಲ್ಲ ವಯಸ್ಸಾದ ಮೇಲೆ ಊಟಕ್ಕಾ?"

"ಊಟಕ್ಕೆ" ಅಂದೆ. "ಇವರು ಇನ್ನು ನಿಲ್ಲಬಾರದು, ಅದಕ್ಕೆ."

"ಹಾಗಿದ್ರೆ ಕವಲೆ, ಚಿಂತೆ ಯಾಕೆ? ಊಟಕ್ಕಿಟ್ಟ ಚಿನ್ನಕ್ಕೆ ತೂಕ ನೋಡ್ತಾರೆ, ಶುದ್ಧ ನೋಡ್ತಾರೆ, ಕರಗಿಸ್ತಾರೆ. ಕರಗಿಸೋವಾಗ ರಾಜನ ಮೂಗು ಯಾರು ನೋಡ್ತಾರಮ್ಮಾ?"

ನನಗೆ ಅಲ್ಲೇ ಅವರ ಕಾಲಿಗೆ ಬೀಳುವಷ್ಟಾಯ್ತು. ಆದರೆ ಇವರು ಅಷ್ಟು ಸುಲಭದಲ್ಲಿ ನಂಬುವ ಆಸಾಮಿಯಲ್ಲ, ಅಳಿಯನ ಡಬ್ಬಿಗೆ ಎಪ್ಪತ್ತಕ್ಕೆ ಎಪ್ಪತ್ತು ಉಂಟಲ್ಲ ಅಂತ ಕೇಳಿದರು. ರೂಪೇಶ್ ಡಬ್ಬಿ ಮುಂದಿಟ್ಟ. ಬದರಿನಾಥರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಚೆನ್ನಾಗಿದೆ, ಅಸಲಿ ಅಂತ ಧೈರ್ಯ ಕೊಡುತ್ತದೆ, ಅಷ್ಟರ ಮಟ್ಟಿಗೆ ಸರಿ ಅಂದರು. ಮತ್ತೆ ನಿಧಾನಕ್ಕೆ ಬಿಡಿಸಿ ಹೇಳಿದರು. ಇದು ಮೊನ್ನೆ ಮೊನ್ನೆ ಅಚ್ಚಾದ ನಾಣ್ಯ, ಇದೇ ಥರದವು ರಾಶಿ ಉಂಟು, ಬಹಳಷ್ಟಕ್ಕೆ ಇದೇ ಮಾರ್ಕು. ಮಾರಲಿಕ್ಕೆ ಹೋದ ದಿನ ಚಿನ್ನದಂಗಡಿಯವನು ಒಳಗಿನ ಚಿನ್ನಕ್ಕೆ ಮಾತ್ರ ದುಡ್ಡು ಕೊಡುತ್ತಾನೆ. ಡಬ್ಬಿಗೆ ಕೊಟ್ಟದ್ದು ವಾಪಸ್ ಬೇಕಾದರೆ ನನ್ನಂಥ ಹುಚ್ಚನನ್ನು ಹುಡುಕಬೇಕು, ನಾನಂತೂ ಇದನ್ನು ತಗೊಳ್ಳೋದಿಲ್ಲ ಅಂದರು. ಗ್ರೇಡು ಸುಳ್ಳು ಅಂತಲ್ಲ. ತಮ್ಮ ಆಲ್ಬಮ್ಮಿನ ಒಂದು ಅಪರೂಪದ ನಾಣ್ಯ ತೋರಿಸಿ, ಇಂಥದ್ದರಲ್ಲಿ ಒಂದು ನಂಬರು ಆಚೀಚೆಯಾದರೂ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತದೆ, ಆದರೆ ಅದು ತಿಳಿದವರ ಆಟ, ಆಟದ ದುಡ್ಡು ಬೇರೆ, ಊಟದ ದುಡ್ಡು ಬೇರೆ ಅಂದರು. ರೂಪೇಶ್ ಪಾಪ, ಕಿವಿ ಕೆಂಪಾಗಿ ಕೂತಿದ್ದ.

ನನ್ನ ಹೆದರಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ತಿಕ್ಕಿ ತೂಕ ಎಷ್ಟು ಹೋಗಿರಬಹುದು ಅಂತ ಕೇಳಿದೆ. ಅದನ್ನು ಕಣ್ಣಳತೆಯಲ್ಲಿ ಹೇಳೋದು ಸರಿಯಲ್ಲ, ಮೆಷಿನ್ ಇರುವ ಅಂಗಡಿಗೆ ಹೋಗಿ, ತೂಕ, ಶುದ್ಧ ಎರಡೂ ನೋಡಿಸಿಕೊಳ್ಳಿ ಅಂದರು. ಹೊರಡುವಾಗ, ಮುಂದಿನ ದೀಪಾವಳಿಗೆ ದಯವಿಟ್ಟು ಬರೀ ನೀರಲ್ಲಿ ತೊಳೀರಿ ಅಂತ ಕೈ ಮುಗಿದರು.

ಅಲ್ಲಿಂದ ಸೀದಾ ವಾಪಸ್ ಪುರಸೈವಾಕ್ಕಂಗೆ, ನಮ್ಮ ಬೀದಿಯ ಹತ್ತಿರವೇ ಇರುವ ಒಂದು ಚಿನ್ನದಂಗಡಿಗೆ. ಕೌಂಟರಿನ ಹುಡುಗಿ ಒಂದೊಂದು ಪವನನ್ನೂ ತೂಕಕ್ಕೆ ಹಾಕಿ, ಆಮೇಲೆ ಒಂದು ಸಣ್ಣ ಪೆಟ್ಟಿಗೆಯಂಥ ಮೆಷಿನ್ನಿನೊಳಗೆ ಇಟ್ಟು ಮುಚ್ಚುತ್ತಿದ್ದಳು. ಪರದೆಯ ಮೇಲೆ ನಂಬರು ಬರುವವರೆಗೆ ನನ್ನ ಜೀವ ಬಾಯಿಗೆ ಬಂದು ಕೂರುತ್ತಿತ್ತು. ಇವರು ನೋಡಲೇ ಇಲ್ಲ, ಹಿಂದೆ ಬೆಂಚಿನ ಮೇಲೆ ಕೂತು ಬಾಗಿಲ ಕಡೆ ಮುಖ ಮಾಡಿದ್ದರು.

ಇಪ್ಪತ್ತೆರಡು ಕ್ಯಾರೆಟ್. ಅದರ ನಂತರದ್ದೂ ಇಪ್ಪತ್ತೆರಡು. ಮೊಂಡು ಮೂಗಿನವು, ಗಡ್ಡ ಹೋದವು, ಎಲ್ಲವೂ ಇಪ್ಪತ್ತೆರಡು. ತೂಕದಲ್ಲಿ ಕಮ್ಮಿಯಾದದ್ದು ಎಲ್ಲ ಸೇರಿದರೂ ನನ್ನ ಮೂಗುಬೊಟ್ಟಿನಷ್ಟಿಲ್ಲ. ಒಂದೇ ಒಂದು ನಾಣ್ಯದಲ್ಲಿ ನಂಬರು ಕೆಳಗೆ ಬಂತು. ಯಾವುದು ಅಂತೀರಿ? ಗಡ್ಡದ ಕೂದಲು ಕೂದಲೂ ಕಾಣುತ್ತಿತ್ತಲ್ಲ, ಗ್ರೇಡ್ ಸಿಗಬಹುದು ಅಂತ ರೂಪೇಶ್ ಬೇರೆ ತೆಗೆದಿಟ್ಟಿದ್ದ ಆ ಸುಂದರಾಂಗನೇ. ಯಾರೋ ಅಕ್ಕಸಾಲಿ ಅಸಲಿಯನ್ನು ನೋಡಿಕೊಂಡು ಮಾಡಿದ ನಕಲು, ತಾಮ್ರ ಸ್ವಲ್ಪ ಜಾಸ್ತಿ ಸೇರಿಸಿದ್ದಾರೆ, ತಾಮ್ರ ಜಾಸ್ತಿಯಾಗಿ ಗಟ್ಟಿಯಾದ ಕಾರಣ ಸವೆದಿಲ್ಲ ಅಂದಳು ಹುಡುಗಿ. ಅದಕ್ಕೂ ಅದರಲ್ಲಿರುವ ಚಿನ್ನದಷ್ಟು ಬೆಲೆ ಬಂದೇ ಬರುತ್ತದೆ. ನನಗೆ ಬೇಜಾರಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಸಲ ಟೋಪಿ ಬಿದ್ದದ್ದು ಅಂದರೆ ನನ್ನ ಕಣ್ಣು ಅಷ್ಟೇನೂ ಮೋಸದ್ದಲ್ಲ.

ಇವತ್ತಿನ ದರದಲ್ಲಿ ಒಟ್ಟು ಎಷ್ಟಾಗುತ್ತದೆ ಅಂತ ಹುಡುಗಿ ಒಂದು ಕಾಗದದಲ್ಲಿ ಬರೆದು ತಿರುಗಿಸಿದಳು. ನಾನು ಅದನ್ನು ಇವರ ಮಡಿಲಲ್ಲಿಟ್ಟೆ. ಇವರು ಓದಿದರು, ಸೊನ್ನೆಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ನಾನು ಎಣಿಸಿದ್ದಕ್ಕಿಂತ ಜಾಸ್ತಿಯೇ ಇತ್ತು. ಹೋದ ಜೀವ ಬಂದ ಹಾಗಾಗಿ, ಅಂಗಡಿಯಲ್ಲಿ ಅಷ್ಟು ಜನರ ಎದುರಿಗೆ ನನಗೆ ಅಳು ಬಂತು. ಅಳುತ್ತಾ ಅಳುತ್ತಾ ರೂಪೇಶನಿಗೆ ಎರಡು ಬೈದೆ. ಅವನು ಬೈಸಿಕೊಂಡು, ನನ್ನ ಡಬ್ಬಿಯನ್ನೂ ಒಂದು ಸಲ ನೋಡಿ ಅಂತ ಹುಡುಗಿಯ ಮುಂದಿಟ್ಟ. ಮೆಷಿನ್ನಿಗೆ ಇಡಬೇಕಾದರೆ ಡಬ್ಬಿ ಒಡೆಯಬೇಕು ಸಾರ್, ಒಡೆಯಲಾ ಅಂತ ಕೇಳಿದಳು. ಅವನು ತಟ್ಟನೆ ತೆಗೆದು ಜೇಬಿಗೆ ಹಾಕಿಕೊಂಡ. ಇವರು ನಕ್ಕರು. ಹಬ್ಬದ ದಿನವೂ ನಗದವರು ಹೊಟ್ಟೆ ಕುಣಿಯುವ ಹಾಗೆ ನಕ್ಕು, ಇಟ್ಟುಕೋ ಮಾರಾಯ, ಫುಲ್ ಮಾರ್ಕು ನಿನಗೆ ಮತ್ತೆಲ್ಲಿ ಸಿಗಬೇಕು ಅಂದರು.

ರಾಯರು ಕೊಡುವ ದುಡ್ಡನ್ನು ಎಂತ ಮಾಡುವುದು ಅಂತಲೂ ಅಲ್ಲೇ ತೀರ್ಮಾನವಾಯ್ತು. ಅರ್ಧ ಬ್ಯಾಂಕಿಗೆ, ಅರ್ಧಕ್ಕೆ ಹಾಲ್‌ಮಾರ್ಕ್ ಇರುವ ಸಾದಾ ನಾಣ್ಯ, ಎಲ್ಲಿ ಮಜೂರಿ ಕಮ್ಮಿಯೋ ಅಲ್ಲಿ. ಡಬ್ಬಿ ಬೇಡ, ಮಾರ್ಕು ಬೇಡ.

ಹೊರಗೆ ಬಂದ ಮೇಲೆ ರೂಪೇಶ್ ವೇಲಚೇರಿಯ ನೀರು ಇಳಿದಿದೆಯೋ ನೋಡಿಕೊಂಡು ಬರುತ್ತೇನೆ ಅಂತ ಹೊರಟ. ಇವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ರಾಮದಾಸ ರಾಯರಿಗೆ ಫೋನ್ ಮಾಡಿದರು. ಮೊದಲು ಮಳೆ, ಹೋಟೆಲಿನ ವ್ಯಾಪಾರ ಅಂತ ಏನೇನೋ ವಿಚಾರಿಸಿದರು. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟರು.

"ರಾಯರೇ, ಊರಿಂದ ಜನ ಕರೆಸಿ. ನಾನು ಇಳೀತೇನೆ."

ರಾಯರು ಆ ಕಡೆಯಿಂದ ಎಂತ ಹೇಳಿದರೋ, ಇವರು ಹೂಂ ಹೂಂ ಅನ್ನುತ್ತಾ ಇದ್ದರು. ಒಳ್ಳೇದಾಯ್ತು ಬಾಬು ಅಂದರಂತೆ. ಇವತ್ತು ಸಂಜೆ ಬರುವುದು ಬೇಡ, ದೋಸೆಕಲ್ಲನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ಮನೆಗೆ ಹೋಗಿ ಕಾಲು ಚಾಚಿ ಕೂತುಕೋ ಅಂದರಂತೆ.

ಫೋನು ಜೇಬಿಗೆ ಹಾಕಿ ಇವರು ಬೀದಿ ನೋಡುತ್ತಾ ಕೂತರು. ಸಂಜೆಯ ಟಿಫಿನ್ನಿಗೆ ಜನ ಮುತ್ತುವ ಹೊತ್ತು ಅದು. ಮದುವೆಯಾದಾಗಿಂದ, ಹಬ್ಬವೋ ಜ್ವರವೋ ಇದ್ದರೆ ಬಿಟ್ಟು, ಆ ಹೊತ್ತಿಗೆ ಇವರು ಕಲ್ಲಿನ ಮುಂದೆಯೇ ನಿಂತಿರುವುದು. ಏಳಿ, ಮನೆಗೆ ಹೋಗುವ ಅಂದೆ.

"ಈಗಲಾ? ಈ ಹೊತ್ತಿಗೆ ಮನೆಯಲ್ಲಿ ಎಂತ ಇರ್ತದೆ?" ಅಂದರು. ತಮಾಷೆಗೆ ಅಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು.

"ನಾನಿರ್ತೇನೆ."

ಇವರು ತಲೆ ಎತ್ತಿ ನೋಡಿದರು.

"ದಿನಾ?"

"ದಿನಾ. ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ದೆ ಅಂತ ಎಣಿಸಿದ್ರಿ?" ಅಂದು ಏಳಲಿಕ್ಕೆ ಕೈ ಕೊಟ್ಟೆ.